ಗ್ಯಾನ ಇಲ್ಲದ ಹುಡುಗಿ

ನಮ್ಮ ಶಿಡ್ಲಘಟ್ಟದ ಕಡೆ ‘ಗ್ಯಾನ’ ಅನ್ನುವ ಒಂದೇ ಮಾತಿಗೆ ಎರಡು ಕೆಲಸ. ಮೂರ್ಛೆ ಹೋದರೆ ಗ್ಯಾನ ತಪ್ಪಿತು ಅಂತೀವಿ. ಗಮನವಿಲ್ಲದೆ ಹಾಲು ಉಕ್ಕಿಸಿದವಳಿಗೂ ಗ್ಯಾನ ಇಲ್ಲ ಅಂತೀವಿ. ಈ ಎರಡರ ನಡುವೆ ಸಿಕ್ಕಿಕೊಂಡು ನನ್ನ ಮಗಳು ವರ್ಷವಿಡೀ ಬೈಸಿಕೊಂಡಳು.

ಮೂರನೇ ಕ್ಲಾಸಿನ ಹುಡುಗಿ. ಮಾತಿನ ನಡುವೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದಳು. ಕಣ್ಣು ತೆರೆದೇ ಇರುತ್ತಿತ್ತು, ನೋಟ ಎಲ್ಲೂ ಇರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಿಟ್ಟ ಕಡೆಯಿಂದಲೇ ಮತ್ತೆ ಮಾತು. “ಗ್ಯಾನ ಇಲ್ಲ ಕಣೇ ನಿನ್ ಮಗಳಿಗೆ, ಬರೀ ನಾಟಕ” ಅನ್ನುತ್ತಿದ್ದರು ಅತ್ತೆ.

ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಹಿತ್ತಲಲ್ಲಿ ಗೂಡು ಬೇಯಿಸುವ ಬಾಣಲೆ ಕುದಿಯುತ್ತಲೇ ಇರುತ್ತದೆ. ಒಂದು ಸಂಜೆ ಅವಳು ಅದರ ಪಕ್ಕದಲ್ಲೇ ಹಾಗೆ ನಿಂತಳು, ಕೈ ನೀರಿನ ಮೇಲೆ ಚಾಚಿಕೊಂಡು. ನಾನು ರಟ್ಟೆ ಹಿಡಿದು ಎಳೆದೆ. ಅತ್ತೆ ಅವಳ ಬೆನ್ನಿಗೆ ಒಂದು ಬಿಟ್ಟರು. ಏಟು ಬಿದ್ದರೂ ಅವಳು ತಿರುಗಿ ನೋಡಲಿಲ್ಲ. ನಾಟಕ ಆಡುವ ಮಕ್ಕಳಿಗೆ ಏಟು ಗೊತ್ತಾಗುತ್ತದೆ.

ಊರಿನ ಡಾಕ್ಟರು “ಗ್ಯಾನ ತಪ್ಪುತ್ತಾ?” ಅಂತ ಕೇಳಿದರು. ನಾನು ಬಾಯಿ ತೆಗೆಯುವ ಮುಂಚೆ ಅತ್ತೆ ಉತ್ತರ ಕೊಟ್ಟಾಗಿತ್ತು: “ತಪ್ಪಲ್ಲ ಸಾರ್, ಗ್ಯಾನ ಇಲ್ಲ ಅಷ್ಟೇ.” ಒಂದು ಟಾನಿಕ್ ಸಿಕ್ಕಿತು. ಮೈಯೆಲ್ಲ ಉರಿದುಹೋಯಿತು ನನಗೆ. ಜಗಳ ಮಾಡಿ ಮಗಳನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೊರಟೆ. “ಏನೂ ಇಲ್ಲ ಅಂತ ಬರ್ಲಿ, ಆಮೇಲಿದೆ ಅವಳಿಗೆ” ಅಂದರು ಅತ್ತೆ.

ಅಲ್ಲಿ ಮಿದುಳಿನ ಅಲೆ ನೋಡುವ ಹುಡುಗಿ ಮಗಳ ತಲೆ ತುಂಬ ವೈರು ಅಂಟಿಸಿದಳು. “ಕಣ್ಣು ಮುಚ್ಚಮ್ಮ” ಅಂದಳು. ಪರದೆಯ ಗೆರೆಗಳು ಒಂದೇ ಸಮನೆ ಅಲೆಯಾದವು. “ಈಗ ತೆಗಿಯಮ್ಮ” ಅಂದಳು. ಅಲೆಗಳು ತಗ್ಗಿದವು. ನಾನು ಗಾಬರಿಯಾಗಿ ಏನಾಯಿತು ಅಂದೆ.

“ಎಲ್ಲರಿಗೂ ಹಿಂಗೇ ಅಕ್ಕ. ಕಣ್ಣಿಗೆ ಕೆಲಸ ಇಲ್ದಾಗ ಈ ಅಲೆ ಏಳುತ್ತೆ, ನೋಡೋಕೆ ಶುರು ಮಾಡಿದ್ರೆ ತಗ್ಗುತ್ತೆ. ಕಣ್ಣು ತೆಗ್ದಿದ್ರೂ ಗಮನ ಎಲ್ಲೋ ಹೋದ್ರೆ ಒಂದೊಂದ್ಸಲ ಮತ್ತೆ ಏಳುತ್ತೆ.”

ಗಮನ ಎಲ್ಲೋ ಹೋದರೆ. ಹಾಗಾದರೆ ಅತ್ತೆ ಹೇಳಿದ್ದೇ ಸರಿಯಾ? ಗೆರೆಗಳು ಚೊಕ್ಕವಾಗಿ ಓಡುತ್ತಿದ್ದವು, ಚೊಕ್ಕವಾಗಿದ್ದಷ್ಟೂ ನನಗೆ ಭಯ. ಹೆತ್ತ ಮಗುವಿನ ತಲೆಯಲ್ಲಿ ಏನಾದರೂ ಕಾಣಲಿ ಅಂತ ಯಾವ ತಾಯಿ ಬೇಡಿಕೊಳ್ಳುತ್ತಾಳೆ? ನಾನು ಬೇಡಿಕೊಂಡೆ. ಮರುಕ್ಷಣ ಬೇಡಪ್ಪ ದೇವರೇ ಅಂದೆ.

ಹುಡುಗಿ ಮಗಳ ಕೈಗೆ ಕಾಗದದ ಗಿರಗಿಟ್ಲೆ ಕೊಟ್ಟಳು. “ಜೋರಾಗಿ ಊದ್ತಾನೇ ಇರಮ್ಮ, ನಿಲ್ಲಿಸ್ಬೇಡ.” ನನ್ನ ಕಡೆ ತಿರುಗಿ, “ಹಿಂಗೆ ಊದಿದ್ರೆ ಒಳಗೇನಾದ್ರೂ ಇದ್ರೆ ಎದ್ದು ಕಾಣುತ್ತೆ ಅಕ್ಕ” ಅಂದಳು. ಗಿರಗಿಟ್ಲೆ ತಿರುಗಿತು. ತಿರುಗುತ್ತಲೇ ಇತ್ತು. ಆಮೇಲೆ ನಿಧಾನವಾಗಿ ನಿಂತಿತು. ಪರದೆಯ ಎಲ್ಲ ಗೆರೆಗಳೂ ಒಟ್ಟಿಗೆ ದೊಡ್ಡದಾಗಿ, ಚೂಪಾಗಿ, ಒಂದೇ ತಾಳಕ್ಕೆ ಕುಣಿಯತೊಡಗಿದವು. ಮಗಳ ಕಣ್ಣು ಗಿರಗಿಟ್ಲೆಯ ಮೇಲೇ ಇತ್ತು.

“ಸೀಬೆಹಣ್ಣು” ಅಂದಳು ಹುಡುಗಿ, ಮಗಳ ಕಿವಿಯ ಹತ್ತಿರ ಬಗ್ಗಿ.

ಗೆರೆಗಳು ಇಳಿದವು. ಮಗಳು ಏನೂ ಆಗದವಳಂತೆ ಮತ್ತೆ ಊದಿದಳು.

“ನಾನೊಂದು ಹಣ್ಣಿನ ಹೆಸರು ಹೇಳಿದ್ನಲ್ಲ, ಯಾವುದು?”

“ಹೇಳ್ಲೇ ಇಲ್ವಲ್ಲ ಅಕ್ಕ.” ಆಮೇಲೆ ನನ್ನ ಮುಖ ನೋಡಿದಳು. “ಊದ್ತಾನೇ ಇದ್ದೆ ಅಮ್ಮ. ಗ್ಯಾನ ಇಟ್ಟೇ ಇದ್ದೆ. ಅಜ್ಜಿಗೆ ಹೇಳ್ಬೇಡ.”

ನಾನು ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಇದೂ ಒಂದು ಬಗೆಯ ಫಿಟ್ಸು, ಮಾತ್ರೆಗೆ ಬಗ್ಗುತ್ತೆ ಅಂದರು ಅಲ್ಲಿನ ಡಾಕ್ಟರು. ಹೊರಗೆ ಬಂದು ಮನೆಗೆ ಫೋನ್ ಮಾಡಿದೆ.

“ನೀವ್ ಹೇಳಿದ್ದು ನಿಜ, ಅತ್ತೆ. ಅವಳಿಗೆ ಗ್ಯಾನ ಇರಲ್ಲ. ಅವತ್ತು ಬೆನ್ನಿಗೆ ಹೊಡೆದ್ರಲ್ಲ, ಆಗ್ಲೂ ಇರ್ಲಿಲ್ಲ.”

ಆ ಕಡೆ ಬಾಣಲೆ ಕುದಿಯುವ ಸದ್ದು ಕೇಳುತ್ತಿತ್ತು.

“ಒಲೆ ಆರಿಸ್ತೀನಿ,” ಅಂದರು ಅತ್ತೆ. “ಕರ್ಕೊಂಡ್ ಬಾರಮ್ಮ.”