ಪರದೆಯ ಮೇಲಿನ ತೊಂಬತ್ತು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ದೊಡ್ಡ ಮಷೀನು ನಡೆಸುವವನನ್ನು ಎಲ್ಲರೂ ಹಬೆಯಣ್ಣ ಅಂತಲೇ ಕರೆಯುತ್ತಿದ್ದರು. ಹದಿನೆಂಟು ವರ್ಷ ರಕ್ತ, ಕೀವು, ವಾಂತಿ ಮೆತ್ತಿದ ಹಾಸುಗಳನ್ನು ಮುಖ ಸಿಂಡರಿಸದೆ ಮಷೀನಿಗೆ ತುಂಬಿದವನು. ಅಂಥವನೂ ಈ ವಾರ ಒಗೆದು ತೆಗೆದ ಹಾಸನ್ನು ಮೂಗಿಗೆ ಹಿಡಿದು ಮುಖ ತಿರುಗಿಸಿದ. ಅದೇ ನಾತ, ಅದೇ ಕಂದು ಕಲೆ. ಇವು ಹೋಗುವುದು ಸುಟ್ಟಗಾಯದ ವಾರ್ಡಿಗೆ, ಚರ್ಮ ಸುಲಿದ ಮೈಗಳ ಕೆಳಗೆ!

ಮೇಲ್ವಿಚಾರಕ ಈ ವಾರವಷ್ಟೇ ಮಷೀನಿಗೆ ಜೋಡಿಸಿದ ಹೊಸ ಕಂಪ್ಯೂಟರಿನ ಪರದೆ ತೋರಿಸಿದ. “ತೊಂಬತ್ತು ಡಿಗ್ರಿ ಅಂತ ಬರ್ತಿದೆಯಲ್ಲಯ್ಯ. ನೀನೇ ಸೋಪು ಕಮ್ಮಿ ಹಾಕಿರ್ತೀಯ.”

“ಸ್ವಾಮಿ, ಮಷೀನಿನ ಬಾಗಿಲ ಗಾಜು ಮುಟ್ಟಿ ನೋಡಿ. ನಮ್ಮನೇಲಿ ಮಗು ಸ್ನಾನಕ್ಕೆ ಇದಕ್ಕಿಂತ ಬಿಸಿ ಕಾಯಿಸ್ತಾರೆ.”

ಮಹಾನುಭಾವ ಮುಟ್ಟಲಿಲ್ಲ. ಕೈ ಕೊಳೆಯಾದೀತಲ್ಲ! ಕಂಪ್ಯೂಟರಿನವನನ್ನು ಕರೆಸಿದ. ಅವನು ಬಂದವನೇ ಕುರ್ಚಿ ಎಳೆದುಕೊಂಡು ಕೂತ.

“ಪ್ರೋಗ್ರಾಮ್ ಸರಿಯಾಗೇ ಇದೆ ಅಣ್ಣಾ. ಬಟ್ಟೆ ಯಾವ ವಾರ್ಡಿಂದು ಅಂತ ನೋಡಿ ತೊಂಬತ್ತು ಅಂತ ತೀರ್ಮಾನ ಮಾಡುತ್ತೆ. ಆಮೇಲೆ ಈ ಶೆಲ್ ಸ್ಕ್ರಿಪ್ಟನ್ನ, ಅಂದ್ರೆ ಆಜ್ಞೆಗಳ ಒಂದು ಸಣ್ಣ ಪಟ್ಟೀನ, ಕರೆಯುತ್ತೆ. ಮಷೀನಿಗೆ ಹೇಳೋದು ಸ್ಕ್ರಿಪ್ಟು.”

“ಕರೆಯುತ್ತೆ, ಸರಿ. ತೊಂಬತ್ತನ್ನ ಅದರ ಕೈಗೆ ಕೊಡುತ್ತಾ?” ಹಬೆಯಣ್ಣ ಕೇಳಿದ.

ಕಂಪ್ಯೂಟರಿನವನು ಪರದೆಗೆ ಬಾಗಿದ. ಕೀಲಿಮಣೆ ಕುಟ್ಟಿ ನೋಡಿದ. ಪ್ರೋಗ್ರಾಮು ಅಂಕೆಯನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು, ಪರದೆಗೆ ತೋರಿಸಿ, ಸ್ಕ್ರಿಪ್ಟನ್ನು ಬರಿಗೈಯಲ್ಲಿ ಓಡಿಸುತ್ತಿತ್ತು.

“ಏನೂ ಬರದಿದ್ರೆ ಸ್ಕ್ರಿಪ್ಟು ಏನ್ಮಾಡುತ್ತೆ?”

“ನಲವತ್ತು ಅಂದ್ಕೊಳ್ಳುತ್ತೆ. ನಾನೇ ಬರೆದಿದ್ದು. ಕೆಲಸ ನಿಲ್ಲಬಾರದಲ್ಲ ಅಂತ...”

“ಥೂ! ನಿನ್ನ ಹೆತ್ತವಳನ್ನ ಮಲಗಿಸ್ತೀಯೇನಯ್ಯ ಈ ಹಾಸಿನ ಮೇಲೆ? ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ನಿಂತ್ಕೊಳ್ಳೋಕೆ ಏನು ರೋಗ ಅದಕ್ಕೆ?”

“ಪ್ರೋಗ್ರಾಮ್ ನಾವು ತಿದ್ದೋಕಾಗಲ್ಲ ಅಣ್ಣಾ. ಅದು ಕಂಪೈಲ್ ಆಗಿ, ಬೆಸುಗೆ ಹಾಕಿದ ಡಬ್ಬಿ ಥರ ಬಂದಿರೋದು. ಮಾಡಿದವರೇ ತಿದ್ದಿ ಕಳಿಸಬೇಕು, ವಾರ ಹಿಡಿಯುತ್ತೆ.”

“ಕಳಿಸಲಿ. ನೀನು ಬರೆದ ಆ ಹೊಲಸು ಸಾಲನ್ನ ಈಗಲೇ ಅಳಿಸು. ಅಂಕೆ ಬರದಿದ್ರೆ ಮಷೀನು ನಿಲ್ಲಲಿ. ಅಲ್ಲೀವರೆಗೆ ಬಿಸಿಯ ಗುಂಡಿ ನಾನು ಕೈಯಲ್ಲೇ ತಿರುಗಿಸಿ ಇಡ್ತೀನಿ.”

ಕಂಪ್ಯೂಟರಿನವನು ಸಾಲು ಅಳಿಸಿದ, ಮಷೀನು ಕೆಂಪು ದೀಪ ಹೊತ್ತಿಸಿ ನಿಂತಿತು. ಹಬೆಯಣ್ಣ ಮೇಲೆ ಹೋಗಬೇಕಿದ್ದ ಹಾಸುಗಳ ಮೂರು ಗಾಡಿಗಳನ್ನೂ ಹಿಂದಕ್ಕೆ ತಳ್ಳಿದ.

“ಲೇಟಾಗುತ್ತೆ ಅಂತ ವಾರ್ಡಿಗೆ ಯಾರಯ್ಯ ಹೇಳೋದು?” ಮೇಲ್ವಿಚಾರಕ ಕಿರುಚಿದ.

“ಅದನ್ನ ನಾನು ಹೇಳ್ತೀನಿ. ಈ ವಾರ ಆಗಲೇ ಹಾಸಿರೋದರ ಸಂಗತಿ ನೀವು ಹೇಳಿ.”

ಮೇಲ್ವಿಚಾರಕ ಅಲ್ಲಾಡಲಿಲ್ಲ. ಹಬೆಯಣ್ಣ ಲಿಫ್ಟಿನ ಗುಂಡಿ ಒತ್ತಿ, ಬಾಗಿಲು ಮುಚ್ಚದಂತೆ ಕಾಲು ಅಡ್ಡ ಇಟ್ಟು, ಅವನು ಬರಲೆಂದು ಕಾಯುತ್ತಾ ನಿಂತ.