ನಾನು ಕೂರಲಾರದ ಮೂಕಿ

ಮಾದಮ್ಮನ ಅಂಗೈ ಮಳೆಗಾಲದಲ್ಲೂ ಹಳದಿಯಾಗಿಯೇ ಇರುತ್ತಿತ್ತು. ಚಾಮರಾಜನಗರದ ಸುತ್ತಿನ ಹೊಲಗಳಲ್ಲಿ ಅರಿಸಿನ ಕಿತ್ತ ಮೇಲೆ ಅದನ್ನು ಬೇಯಿಸಿ, ಒಣಗಿಸಿ ಕೊಡುವ ಹೆಂಗಸರ ಗುಂಪಿಗೆ ಅವಳು ಮುಂದಾಳು. ಒಣಗಿದ ಕೊಂಬನ್ನು ಕಿವಿಯ ಹತ್ತಿರ ಹಿಡಿದು ಟಕ್ಕೆಂದು ಮುರಿಯುವಳು. ಸದ್ದು ಒಪ್ಪಿದರೆ ಗೋಣಿಚೀಲಕ್ಕೆ, ಇಲ್ಲದಿದ್ದರೆ ಮತ್ತೆ ಬಿಸಿಲಿಗೆ. ಹೊಲದ ಯಜಮಾನ, ‘ಒಣಗಾಯ್ತು, ತುಂಬಮ್ಮಿ’ ಎಂದು ಅವಸರಪಟ್ಟರೆ, ‘ಒಣಗಿರದು ನಿಮ್ಮ ಬುದ್ಧಿ, ಕೊಂಬಲ್ಲ’ ಎನ್ನುವಳು.

ನಾನು ಆಗ ಗುಂಡ್ಲುಪೇಟೆಯ ಹೆದ್ದಾರಿ ಬದಿಯಲ್ಲಿ ಹಳೆ ಟ್ರ್ಯಾಕ್ಟರು, ಟ್ರೈಲರುಗಳನ್ನು ಕೊಂಡು ಮಾರುತ್ತಿದ್ದೆ. ಹಳೆಯದಕ್ಕೆ ಬಣ್ಣ ಬಳಿದು ಹೊಸದರ ಹಾಗೆ ನಿಲ್ಲಿಸುವುದರಲ್ಲಿ ನನಗೆ ಹೆಸರಿತ್ತು. ಅದನ್ನು ಜಾಣತನ ಎಂದುಕೊಂಡಿದ್ದೆ. ಹಾಗಲ್ಲ ಎಂದು ಕಲಿಸಿದವಳು ಮಾದಮ್ಮ. ಅವಳ ಬಗ್ಗೆ ಬರೆಯಬೇಕಾದರೆ ನನ್ನ ತಪ್ಪನ್ನೂ ಬರೆಯಲೇಬೇಕು.

ಸಂಕ್ರಾಂತಿಗೆ ಇನ್ನೊಂದು ತಿಂಗಳಿದ್ದಾಗ ಅವಳು ಆರು ಜನ ಹೆಂಗಸರನ್ನು ಕಟ್ಟಿಕೊಂಡು ನನ್ನ ಅಂಗಳಕ್ಕೆ ಬಂದಳು.

‘ಒಂದು ಮನೆ ಬೇಕು ಕಣಣ್ಣ. ಚಕ್ರ ಇರ ಮನೆ.’

‘ಇದೇನವ್ವ, ಮನೆ ಹೊತ್ಕೊಂಡು ತಿರುಗೀಯಾ?’

‘ಮತ್ತೆ? ಬಸವನಹುಳ ತಿರುಗಾಕಿಲ್ವಾ?’

ಅರಿಸಿನದ ಸುಗ್ಗಿ ಎಂದರೆ ಮೂರು ನಾಲ್ಕು ತಿಂಗಳು. ಅಷ್ಟೂ ದಿನ ಅವರು ಊರಿಂದೂರಿಗೆ ಹೋಗಿ ಯಾರದೋ ದನದ ಕೊಟ್ಟಿಗೆಯಲ್ಲೋ, ಹೊಲದ ಬದುವಿನಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೋ ಮಲಗುತ್ತಿದ್ದರು. ‘ಒಳಗಿಂದ ಚಿಲಕ ಹಾಕ್ಕಳ ಬಾಗ್ಲು ಒಂದಿದ್ರೆ ಸಾಕು’ ಎಂದಳು ಮಾದಮ್ಮ. ಹಿಂದೆ ನಿಂತಿದ್ದ ಹೆಂಗಸರು ನೆಲ ನೋಡಿದರು. ಅವರು ಯಾಕೆ ನೆಲ ನೋಡಿದರೆಂದು ನನಗೆ ಅರ್ಥವಾಗಿತ್ತು. ಆದರೂ ಆ ಟ್ರೈಲರನ್ನೇ ತೋರಿಸಿದೆ.

ಅದು ರಸ್ತೆ ಹಾಕುವ ಆಳುಗಳು ವಾಸ ಮಾಡಲೆಂದು ತಗಡಿನ ಕೋಣೆ ಕಟ್ಟಿದ್ದ ನಾಲ್ಕು ಚಕ್ರದ ಟ್ರೈಲರು. ಎರಡು ಕಿಟಕಿ, ಒಂದು ಬಾಗಿಲು. ನೋಡಿದ ಕೂಡಲೇ ಆ ಹೆಂಗಸರ ಮುಖ ಅರಳಿತು. ಆದರೆ ಅದರ ಮೂಕಿ, ಅಂದರೆ ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ಕಬ್ಬಿಣ, ಬುಡದಲ್ಲಿ ಬಿರುಕು ಬಿಟ್ಟಿತ್ತು. ಅದರ ಮೇಲೆ ನಾನೇ ಗ್ರೀಸು ಮೆತ್ತಿದ್ದೆ. ಮೂಕಿಗೆ ಗ್ರೀಸು ಹತ್ತಿರುವುದು ಯಾರಿಗೂ ವಿಚಿತ್ರವಾಗಿ ಕಾಣುವುದಿಲ್ಲ.

ಎಳೆಯುವುದಕ್ಕೆ ಒಂದು ಸಣ್ಣ ಟ್ರ್ಯಾಕ್ಟರು ತೋರಿಸಿದೆ. ‘ಹುಲಿ ಹಂಗೆ ಎಳೀತದೆ’ ಎಂದೆ. ಮಾದಮ್ಮ ಏಳು ಜನದ ತೂಕಕ್ಕೂ ಅವರ ಪಾತ್ರೆ ಪಡಗಕ್ಕೂ ಸಮನಾಗಿ ಟ್ರೈಲರಿಗೆ ಮರಳಿನ ಮೂಟೆ ಹೇರಿಸಿದಳು. ನನ್ನ ಆಳಿನ ಕೈಲಿ ಕೆರೆ ಏರಿ ಹತ್ತಿಸಿ, ಆಚೆಯ ಇಳಿಜಾರಿನ ನಡುವೆ ‘ನಿಲ್ಸು’ ಎಂದು ಕೂಗಿದಳು. ಬ್ರೇಕು ಒತ್ತಿದರೂ ಟ್ರೈಲರು ಆ ಟ್ರ್ಯಾಕ್ಟರನ್ನು ಹತ್ತು ಮಾರು ನೂಕಿಕೊಂಡು ಹೋಯಿತು.

‘ಎಳೆಯದೇನು ಬುಡಣ್ಣ, ನಮ್ಮೂರ ಎತ್ತೂ ಎಳೀತವೆ. ಇದು ತಡೀಬೇಕು.’

ಎರಡನೆಯದೂ ತಡೆಯಲಿಲ್ಲ. ಮೂರನೆಯದು ಬಣ್ಣ ಹೋದ, ಯಾರೂ ಕೇಳದ, ಭಾರಿ ಮೈಯ ಹಳೆ ಟ್ರ್ಯಾಕ್ಟರು. ಅದು ಇಳಿಜಾರಿನಲ್ಲಿ ಕಲ್ಲಿನಂತೆ ನಿಂತಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಮಾದಮ್ಮ ಮಾತ್ರ ತಟ್ಟಲಿಲ್ಲ. ಕೊಂಬು ಮುರಿಯುವಾಗಿನಂತೆ ತಲೆ ವಾರೆ ಮಾಡಿಕೊಂಡು ನಿಂತಿದ್ದಳು.

‘ನಿಂತಾಗ ಏನೋ ಟಪ್ ಅಂತಲ್ಲ?’

ಅವಳು ಡೀಸೆಲ್ ಅದ್ದಿದ ಬಟ್ಟೆಯಿಂದ ಮೂಕಿಯ ಗ್ರೀಸನ್ನೆಲ್ಲ ತೊಳೆದಳು, ಒಣಬಟ್ಟೆಯಲ್ಲಿ ಒರೆಸಿದಳು. ಸೆರಗಿನ ಗಂಟು ಬಿಚ್ಚಿ ಅರಿಸಿನದ ಪುಡಿ ತೆಗೆದು ಅದರ ಮೇಲೆ ತೆಳ್ಳಗೆ ಉದುರಿಸಿದಳು.

‘ಏನವ್ವ, ಕೊಳ್ಳಕೆ ಮೊದ್ಲೇ ಪೂಜೆಯಾ?’ ಎಂದು ನಾನು ನಗಲು ನೋಡಿದೆ.

‘ನಾವು ಬೇಯ್ಸ ಹಂಡೆ ಸೀಳು ಬುಟ್ಟದಾ ಅಂತ ಹಿಂಗೇ ನೋಡದು. ತಡಿ.’

ಸ್ವಲ್ಪ ಹೊತ್ತಿಗೆ ಹಳದಿ ಪುಡಿಯ ಮೇಲೆ ನಾಲ್ಕು ಬೆರಳುದ್ದದ ಕಪ್ಪು ಗೆರೆ ತಾನಾಗಿ ಮೂಡಿತು. ಬಿರುಕಿನೊಳಗೆ ಇಳಿದಿದ್ದ ಡೀಸೆಲ್ ಹೊರಗೆ ಒಸರಿತ್ತು.

‘ಇದ ನೀನು ನೋಡ್ನಿಲ್ವಾ?’

‘ನಮ್ಮಪ್ಪನಾಣೆ ನೋಡ್ನಿಲ್ಲ.’

‘ಹಂಗಾರೆ ಮೂಕಿ ಮೇಲೆ ಕುಂತ್ಕೊ. ಇನ್ನೊಂದ್ಸಲ ಏರಿ ಇಳ್ಸನ.’

ನಾನು ಕೂರಲಿಲ್ಲ. ಮಂಡಿನೋವು ಎಂದೆ.

‘ಪಾಪ, ಬಣ್ಣ ಬಳಿವಾಗ ಇರ್ನಿಲ್ವೇನೋ ನೋವು’ ಎಂದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅಪ್ಪನ ಮೇಲೆ ಸುಳ್ಳು ಆಣೆ ಇಟ್ಟ ನನಗೆ ತಲೆಯೆತ್ತಲಾಗಲಿಲ್ಲ.

ಬದನಗುಪ್ಪೆಯ ಒಂದು ಶೆಡ್ಡಿನಲ್ಲಿ ಹೊಸ ಮೂಕಿ ಮಾಡಿಸಿದೆ. ವೆಲ್ಡಿಂಗ್ ಮುಗಿಯುವ ತನಕ ಅವಳು ಕದಲಲಿಲ್ಲ. ಬಾಗಿಲಿಗೆ ಒಳಗಿನಿಂದ ಒಂದಲ್ಲ, ಎರಡು ಚಿಲಕ ಹಾಕಿಸಿದಳು. ಗುಂಪಿನಲ್ಲಿ ಕಿರಿಯಳಾದ ನಾಗಮಣಿ ಟ್ರ್ಯಾಕ್ಟರು ಓಡಿಸಲು ಕಲಿತಳು. ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ಅವರು ಹೊರಟಾಗ ಸಂತೆಗೆ ಬಂದವರೆಲ್ಲ ನಿಂತು ನೋಡಿದರು. ‘ಎಲ್ಲೋಯ್ತದೆ ಅರಮನೆ?’ ಎಂದು ಯಾರೋ ಕುಟುಕಿದರೆ, ‘ಊರಾಳಕ್ಕೆ’ ಎಂದು ಮಾದಮ್ಮ ಬಾಗಿಲಲ್ಲಿ ನಿಂತು ಕೂಗಿದಳು.

ಆಮೇಲೆ ಬೇರೆ ಗುಂಪಿನ ಹೆಂಗಸರೂ ಅಂಥ ಟ್ರೈಲರು ಬೇಕೆಂದು ಬಂದರು. ಆರಿಸಿಕೊಡಲು ಮಾದಮ್ಮ ಬರುತ್ತಿದ್ದಳು, ಬೇರೆ ವ್ಯಾಪಾರಿಗಳ ಟ್ರೈಲರು ನೋಡಲು ಹೋದಾಗ ನನ್ನನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತಿದ್ದಳು. ಪ್ರತಿ ವರ್ಷ ಸುಗ್ಗಿಗೆ ಮೊದಲು ಅವಳ ಟ್ರೈಲರು ನನ್ನ ಅಂಗಳಕ್ಕೆ ಬರುವುದು, ನಾನೇ ಮೂಕಿ ತೊಳೆದು ಅರಿಸಿನ ಉದುರಿಸುವುದು ರೂಢಿಯಾಯಿತು.

ಹೋದ ವರ್ಷ ಬಂದಾಗ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಟ್ರೈಲರಿನ ಮೆಟ್ಟಿಲ ಮೇಲೆ ಕೂತಿದ್ದಳು. ಅವತ್ತು ಹೇಳಿಬಿಟ್ಟೆ: ‘ಗ್ರೀಸು ಮೆತ್ತಿದ್ದು ನಾನೇ ಮಾದಮ್ಮ. ಗೊತ್ತಿದ್ದೂ ಮೆತ್ತಿದೆ.’

‘ಇನ್ನೇನು, ಗ್ರೀಸು ತಾನಾಗಿ ನಡ್ಕಬಂದು ಮೆತ್ಕತದಾ? ಅವತ್ತೇ ಗೊತ್ತಿತ್ತು ಬುಡು.’

‘ಮತ್ತೆ ಇಷ್ಟು ವರ್ಷ ನನ್ನ ಹತ್ರನೇ ಯಾಕೆ ಬಂದೆ?’

‘ಬಿರುಕ ಎಲ್ಲಿ ಮುಚ್ತಾರೆ ಅಂತ ನಿನಗಿಂತ ಚೆನ್ನಾಗಿ ಇನ್ಯಾರಿಗಣ್ಣ ಗೊತ್ತು?’

ಹೀಗೆಂದು ನಕ್ಕಳು. ನಗು ಕೆಮ್ಮಾಯಿತು. ಮಳೆಗಾಲದಲ್ಲಿ ತೀರಿಹೋದಳು.

ಈ ಸಲ ನಾಗಮಣಿ ಟ್ರೈಲರು ತಂದು ಅಂಗಳದಲ್ಲಿ ನಿಲ್ಲಿಸಿದಳು. ನಾನು ಮೂಕಿ ತೊಳೆದೆ, ಒರೆಸಿದೆ, ಅರಿಸಿನ ಉದುರಿಸಿ ಕಾದೆ. ಎಷ್ಟು ಹೊತ್ತಾದರೂ ಹಳದಿ ಹಳದಿಯಾಗಿಯೇ ಉಳಿಯಿತು. ಹೆಗಲ ಮೇಲಿನ ಟವೆಲನ್ನು ಮೂಕಿಯ ಮೇಲೆ ಹಾಸಿ ಕೂತೆ.

‘ಅಯ್ಯೋ, ಬಿದ್ದೋದೀಯೆ ತಾತ! ಮಂಡಿನೋವು ಅಂತಿದ್ದೆ?’ ಎಂದಳು ನಾಗಮಣಿ.

‘ವಾಸಿಯಾಯ್ತು ಕಣಮ್ಮಿ. ಏರಿ ಹತ್ಸು.’

ಒಳಗೆ ಹೆಂಗಸರು ಎರಡು ಚಿಲಕವನ್ನೂ ಹಾಕಿಕೊಂಡ ಸದ್ದು ಕೇಳಿಸಿತು. ಇಳಿಜಾರಿನ ನಡುವೆ ನಾಗಮಣಿ ಬ್ರೇಕು ಒತ್ತಿದಳು. ನಾನು ತಲೆ ವಾರೆ ಮಾಡಿ ಕಿವಿಗೊಟ್ಟೆ. ನನ್ನ ಕೆಳಗಿನ ಕಬ್ಬಿಣ ಚಕಾರವೆತ್ತಲಿಲ್ಲ.