ಅಗತ್ಯ ಅವರ ಬಾಯಲ್ಲೇ ಬರಬೇಕು

ವರ್ಷಕ್ಕೊಮ್ಮೆ ನಮ್ಮ ಕೃಷಿ ವಿಶ್ವವಿದ್ಯಾಲಯದವರಿಗೆ ರೈತರ ಮೇಲೆ ಪ್ರೀತಿ ಉಕ್ಕುತ್ತದೆ. ಮುಂದಿನ ಸಾಲಿಗೆ ಹಳ್ಳಿಗಳಲ್ಲಿ ನಡೆಸುವ ವಿಸ್ತರಣಾ ಕಾರ್ಯಕ್ರಮಗಳನ್ನು ಗೊತ್ತುಮಾಡುವ ಸಭೆ ಅದು. ಚಾಮರಾಜನಗರದ ಘಟಕದಲ್ಲಿ ನಾನು ಗುತ್ತಿಗೆ ನೌಕರಳು. ಬ್ಯಾನರ್ ಕಟ್ಟಿಸುವುದು, ಶಾಲು ಹಾರ ತರುವುದು, ಊಟಕ್ಕೆ ಹೇಳುವುದು, ಇಷ್ಟು ನನ್ನ ಪಾಲಿನ ಕೃಷಿ ವಿಜ್ಞಾನ. ಪ್ರಗತಿಪರ ರೈತರನ್ನು ಆರಿಸಿ ಕರೆಯುವ ಘನ ಕೆಲಸ ಮುಖ್ಯಸ್ಥರದು. ಪ್ರಗತಿಪರ ರೈತರೆಂದರೆ ಕಾರಿನಲ್ಲಿ ಬರುವವರು, ಅಷ್ಟೇ.

ಆ ವರ್ಷ ನಾನೂ ಒಂದು ಕಾರ್ಯಕ್ರಮ ಬರೆದುಕೊಟ್ಟೆ. ಬೆಳೆಗೆ ಔಷಧಿ ಹೊಡೆಯುವ ದಿನ ಅದನ್ನು ಡ್ರಮ್ಮಿನಲ್ಲಿ ಕಲಸುವವರು ಕೂಲಿ ಹೆಂಗಸರು. ಕೋಲು ಸಿಕ್ಕರೆ ಕೋಲು, ಇಲ್ಲದಿದ್ದರೆ ಕೈ. ಅವರಿಗೆ ಕೈಗವಸು, ತರಬೇತಿ, ಅವರನ್ನು ಕೆಲಸಕ್ಕೆ ಕರೆಯುವ ಜಮೀನುದಾರರಿಗೂ ಅರ್ಧ ದಿನ ಪಾಠ. ಗುಂಡ್ಲುಪೇಟೆ ಆಚೆಯ ನಮ್ಮೂರಿನ ಈರುಳ್ಳಿ, ಟೊಮೆಟೊ ಹೊಲಗಳಲ್ಲಿ ನನ್ನವ್ವ ಮಾಡುವುದು ಇದೇ ಕೆಲಸ. ಅವಳ ಅಂಗೈ, ಬೆರಳು ಸಿಪ್ಪೆ ಸುಲಿದು, ಬಿರುಕುಗಳಲ್ಲಿ ರಕ್ತ ಜಿನುಗುತ್ತಿತ್ತು. ಆ ಕೈ ವಾಸಿಯಾಗಬೇಕಿತ್ತು ನನಗೆ. ಸಮಾಜಸೇವೆ ಎಂದೆಲ್ಲ ನಾನು ಸುಳ್ಳು ಹೇಳುವುದಿಲ್ಲ.

ಮುಖ್ಯಸ್ಥರು ಓದಿ ಮೆಚ್ಚಿಕೊಂಡರು. "ಚೆನ್ನಾಗಿದೆಯಮ್ಮ. ಆದರೆ ಅಗತ್ಯ ಅನ್ನೋದು ಜನರ ಬಾಯಲ್ಲೇ ಬರಬೇಕು. ಅದೇ ನಮ್ಮ ಪದ್ಧತಿ. ಸಭೆಗೆ ಯಾರನ್ನಾದರೂ ಕರ್ಕೊಂಡು ಬಾ" ಎಂದರು.

ನಾನು ಅವ್ವನನ್ನೇ ಕರೆತಂದೆ. ಕೂಲಿ ಬಿಟ್ಟು, ಹಬ್ಬದ ಸೀರೆ ಉಟ್ಟು ಹೊರಟಳು. ಬಸ್ಸಿನಲ್ಲಿ ಉದ್ದಕ್ಕೂ, "ಕೈ ಉರಿತದ ಅಂತೀನಿ. ನಿದ್ದ ಬರಲ್ಲ ಅಂತ್ಲೂ ಯೇಳ್ತೀನಿ. ಸಾಕಾ ಮಗ?" ಎಂದು ಪಾಠ ಒಪ್ಪಿಸುತ್ತಲೇ ಇದ್ದಳು.

ಸಭಾಂಗಣದ ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದವರು ನಮ್ಮೂರ ಯಜಮಾನರು. ಅವ್ವ ಕೂಲಿಗೆ ಹೋಗುವುದು ಅವರ ಹೊಲಕ್ಕೇ. ಆ ಊರಿನಿಂದ ಹೆಣ್ಣಾಳು ಬರುತ್ತಿದ್ದಾಳೆ, ಎರಡೂ ಕಡೆಯವರು ಇದ್ದರೆ ಸಭೆಗೆ ಒಂದು ತೂಕ ಎಂದು ಮುಖ್ಯಸ್ಥರು ಅವರನ್ನು ಕರೆಸಿದ್ದರಂತೆ. ಇಂಥ ಬುದ್ಧಿ ಬರಬೇಕಾದರೆ ಪಿಎಚ್‌ಡಿಯನ್ನೇ ಮಾಡಿರಬೇಕು. ಅವರನ್ನು ಕಂಡದ್ದೇ ಅವ್ವ ಕುರ್ಚಿಯಿಂದೆದ್ದು ಹೋಗಿ ಬಾಗಿಲ ಬಳಿ ನೆಲದ ಮೇಲೆ ಕೂತಳು.

"ಹೇಳಿ ಅಮ್ಮ, ಔಷಧಿ ಕಲಸೋದ್ರಿಂದ ಏನಾದ್ರೂ ತೊಂದರೆ ಇದೆಯಾ?" ಮುಖ್ಯಸ್ಥರು ಮೈಕಿನಲ್ಲೇ ಕೇಳಿದರು.

ಯಜಮಾನರು ಹಿಂತಿರುಗಿ ನೋಡಿ ನಕ್ಕರು. "ಯೇಳು, ಯಾಕ್ ಎದ್ರುಕತಿದ್ದಯ್? ನಾನೇನ್ ನಿನ್ನ ನುಂಗ್ಬುಟ್ಟನಾ?"

ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನಮ್ಗ ಯಾನೂ ಆಗಲ್ಲ ಬುಡಿ ಸ್ವಾಮಿ. ನಮ್ ಬುದ್ಯೋರು ಚಂದಾಗ್ ನೋಡ್ಕತರ."

ಆ ಕ್ಷಣ ಅವ್ವನ ಮೇಲೆ ಬಂದ ಸಿಟ್ಟು ನನಗೆ ಯಜಮಾನರ ಮೇಲೂ ಬರಲಿಲ್ಲ. ಎಳೆದು ಆ ಕೈಗಳನ್ನು ಎಲ್ಲರಿಗೂ ತೋರಿಸಿಬಿಡಲೇ ಅನ್ನಿಸಿತು. ಆದರೆ ಮಾರನೆಯ ಬೆಳಿಗ್ಗೆ ಅದೇ ಹೊಲಕ್ಕೆ ಹೋಗಬೇಕಾದವಳು ಅವಳು, ನಾನಲ್ಲ.

"ಅವರೇ ಬೇಡ ಅಂತಾರಲ್ಲಮ್ಮ" ಎಂದು ಮುಖ್ಯಸ್ಥರು ನನ್ನ ಕಾರ್ಯಕ್ರಮವನ್ನು ಕೈಬಿಟ್ಟರು. ಆ ಜಾಗಕ್ಕೆ ಬಂದದ್ದು ಡ್ರೋನಿನಿಂದ ಔಷಧಿ ಸಿಂಪಡಿಸುವ ಪ್ರಾತ್ಯಕ್ಷಿಕೆ. ಯಜಮಾನರು ತಮ್ಮ ಹೊಲವನ್ನೇ ಕೊಡುತ್ತೇನೆಂದರು. "ನಮ್ಮೂರ ಕೂಸು ಇಲ್ಲೇ ಅದಲ್ಲಾ, ಅದ್ರ ಕೈಗೇ ಜವಾಬ್ದಾರಿ ಕೊಡಿ" ಎಂದು ನನ್ನತ್ತ ಕೈ ತೋರಿದಾಗ ಚಪ್ಪಾಳೆಯೂ ಬಿತ್ತು.

"ಡ್ರೋನಿಗೆ ಔಷಧಿ ಕಲಸಿಕೊಡೋರು ಯಾರು?" ಎಂದು ಕೇಳಿದೆ.

"ಯಾಕ, ನಿಮ್ಮವ್ವ ಇಲ್ವಾ?" ಎಂದರು ಯಜಮಾನರು. ಸಭೆಯೆಲ್ಲ ನಕ್ಕಿತು.

ಮಧ್ಯಾಹ್ನದ ಊಟಕ್ಕೆ ಪುಳಿಯೋಗರೆ. ಅವ್ವ ತಟ್ಟೆ ಹಿಡಿದುಕೊಂಡು, ಹುಳಿ ಖಾರದ ಆ ಅನ್ನವನ್ನೂ ತನ್ನ ಬಲಗೈಯನ್ನೂ ನೋಡುತ್ತಾ ನಿಂತಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಒಂದ್ ಚಮಚ ತಕ್ಕಬಾ ಮಗ" ಎಂದಳು. ಹುಟ್ಟಿದಂದಿನಿಂದ ಚಮಚದಲ್ಲಿ ಉಂಡವಳಲ್ಲ. ತಂದುಕೊಟ್ಟೆ.

"ಓಹೋ, ಅಮ್ಮ ಒಂದೇ ಮೀಟಿಂಗಿಗೆ ಆಫೀಸರ್ ಆಗ್ಬಿಟ್ರು!" ಎಂದರು ಮುಖ್ಯಸ್ಥರು. ಎಲ್ಲರಿಗಿಂತ ಜೋರಾಗಿ ನಕ್ಕವರು ಯಜಮಾನರು. ಅವರು ನಗುತ್ತಿದ್ದಾರಲ್ಲ ಎಂದು ಅವ್ವನೂ ನಕ್ಕಳು.